ಹೊಸ ಬ್ಯಾಟರಿ ಹಾಕಿಸಿದರೂ ಕಾರು ಬೆಳಿಗ್ಗೆ ಸ್ಟಾರ್ಟ್ ಆಗುತ್ತಿಲ್ಲ. ಈ ಸಲ ಯಾವ ಕಂಪನಿಯ ಬ್ಯಾಟರಿ ಹಾಕಿಸಲಿ?

ಯಾವ ಕಂಪನಿಯದ್ದೂ ಬೇಡ. ಹಾಕಿಸಿ ನಾಲ್ಕು ತಿಂಗಳೂ ಆಗದ ಬ್ಯಾಟರಿ ತಾನಾಗಿಯೇ ಸಾಯುವುದು ಅಪರೂಪ. ಅದನ್ನು ಏನೋ ಒಂದು ಸಾಯಿಸುತ್ತಿರುತ್ತದೆ. ‘ಮಳೆಗಾಲದಲ್ಲಿ, ಅದೂ ರಾತ್ರಿ ಓಡಿಸಿದ ಮಾರನೇ ದಿನ ಜಾಸ್ತಿ’ ಅಂತ ಬರೆದಿದ್ದೀರಲ್ಲ, ಆ ಸಾಲು ಓದುತ್ತಿದ್ದಂತೆ ನನ್ನ ಹಳೇ ಕಾರು ನೆನಪಾಯಿತು.

ನಾನಿರುವುದು ಕುಂದಾಪುರದ ಹತ್ತಿರ. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಸಣ್ಣ ಪೆಟ್ರೋಲ್ ಕಾರು. ಜೂನ್ ಬಂತೆಂದರೆ ಇಲ್ಲಿ ಹೆಡ್‌ಲೈಟ್, ವೈಪರ್, ಗಾಜಿನ ಮಬ್ಬು ಹೋಗಿಸಲು ಬ್ಲೋವರ್, ಮೂರೂ ಒಟ್ಟಿಗೆ ಓಡುತ್ತಿರಬೇಕು. ಬೆಳಿಗ್ಗೆ ಕೀ ತಿರುಗಿಸಿದರೆ ಸೆಲ್ಫ್, ಅಂದರೆ ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರ್, ನರಳುತ್ತಿತ್ತು. ಕೆಲವು ದಿನ ಬರೀ ‘ಟಕ್’ ಅಂದು ಸುಮ್ಮನಾಗುತ್ತಿತ್ತು. ಬ್ಯಾಟರಿ ಅಂಗಡಿಯವರು ಟೆಸ್ಟರ್ ಹಚ್ಚಿ ‘ಬ್ಯಾಟರಿ ಹೋಗಿದೆ ಸರ್’ ಅಂದರು. ಹೊಸದು ಹಾಕಿಸಿದೆ. ಅದೂ ಹೋಯಿತು. ವಾರಂಟಿಯಲ್ಲಿ ಇನ್ನೊಂದು ಕೊಟ್ಟರು. ಅವರೇನೂ ಸುಳ್ಳು ಹೇಳಿರಲಿಲ್ಲ, ಬ್ಯಾಟರಿ ನಿಜಕ್ಕೂ ಹಾಳಾಗಿತ್ತು. ಸೀಸದ ಬ್ಯಾಟರಿಯನ್ನು ಅರೆಬರೆ ಚಾರ್ಜ್‌ನಲ್ಲೇ ವಾರಗಟ್ಟಲೆ ಇಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಶಕ್ತಿ ಬರುವುದಿಲ್ಲ. ಟೆಸ್ಟರ್ ಅದನ್ನಷ್ಟೇ ಹೇಳುತ್ತದೆ. ಯಾಕೆ ಹಾಳಾಯಿತು ಅಂತ ಹೇಳುವುದಿಲ್ಲ.

ಇನ್ನು ನನ್ನ ದುಡ್ಡು ತಿಂದ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ಉದ್ದ ಆದೀತು. ಮನೆಯಲ್ಲಿ ವೋಲ್ಟ್ ಅಳೆಯುವ ಮಲ್ಟಿಮೀಟರ್ ಇತ್ತು. ಎಂಜಿನ್ ಓಡುತ್ತಿರುವಾಗ, ಲೈಟು ಬ್ಲೋವರ್ ಎಲ್ಲ ಹಾಕಿ, ಬ್ಯಾಟರಿಯ ಎರಡು ತುದಿಗೆ ಹಿಡಿದೆ. 13.1 ವೋಲ್ಟ್. ಎಂಜಿನ್ ಓಡುವಾಗ ಅಲ್ಲಿ 13.8ರಿಂದ 14.5 ಇರಬೇಕು. ಅಂದರೆ ಚಾರ್ಜ್ ಕಮ್ಮಿ. ಚಾರ್ಜ್ ಮಾಡುವುದು ಆಲ್ಟರ್ನೇಟರ್, ನಮ್ಮ ಗ್ಯಾರೇಜಿನವರ ಬಾಯಲ್ಲಿ ಡೈನಮೋ. ಹಾಗಾಗಿ ಡೈನಮೋ ವೀಕು. ಲೆಕ್ಕ ಸರಿಯಾಗೇ ಇದೆ ಅನ್ನಿಸುತ್ತದೆ ಅಲ್ವಾ? ನನಗೂ ಹಾಗೇ ಅನ್ನಿಸಿತು. ಆಲ್ಟರ್ನೇಟರ್ ಬದಲಿಸಿದೆ. ಮತ್ತೆ ಅಳೆದರೆ ಅದೇ 13.1.

ಕೊನೆಗೆ ಹೈವೇ ಬದಿಯ ಒಬ್ಬ ವಯಸ್ಸಾದ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅವರು ಬಾನೆಟ್ ಎತ್ತಿ, ‘ಬ್ಯಾಟ್ರಿ ಪಾಪದ್ದು ಮಾರಾಯ್ರೆ. ಅರ್ತ್ ನೋಡಿದ್ರಾ?’ ಅಂದರು. ಮೀಟರಿನ ಕೆಂಪು ಕಡ್ಡಿಯನ್ನು ಆಲ್ಟರ್ನೇಟರ್ ಹಿಂದಿನ ದಪ್ಪ ವೈರಿನ ನಟ್ಟಿಗೆ, ಕಪ್ಪು ಕಡ್ಡಿಯನ್ನು ಅದರದ್ದೇ ಮೈಗೆ ಇಟ್ಟರು. 14.2! ಅಲ್ಲಿ 14.2 ಹುಟ್ಟುತ್ತಿದೆ, ಬ್ಯಾಟರಿಗೆ ಬರುವಾಗ 13.1. ಮಧ್ಯೆ 1.1 ವೋಲ್ಟ್ ಎಲ್ಲಿ ಹೋಯಿತು? ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಕೆಂಪು ಕಡ್ಡಿ ಎಂಜಿನ್ನಿನ ಬರಿ ಲೋಹಕ್ಕೆ ಇಟ್ಟಾಗ ಕಳೆದುಹೋದ ವೋಲ್ಟು ಅಲ್ಲೇ ಸಿಕ್ಕಿತು.

ಕರೆಂಟು ಹೋಗುವ ದಾರಿಯಷ್ಟೇ ವಾಪಸ್ ಬರುವ ದಾರಿಯೂ ಬೇಕು. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿನ ಮೇಲೆ, ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಅದಕ್ಕೇ ಎಂಜಿನ್ ಅಥವಾ ಗೇರ್‌ಬಾಕ್ಸಿನಿಂದ ಒಂದು ದಪ್ಪ ವೈರೋ ತಾಮ್ರದ ಹೆಣೆದ ಪಟ್ಟಿಯೋ ಕಾರಿನ ಬಾಡಿಗೂ ಬ್ಯಾಟರಿ ಮೈನಸ್ಸಿಗೂ ಬಂದಿರುತ್ತದೆ. ಅವರು ಅರ್ತ್ ಅಂದದ್ದು ಇದಕ್ಕೇ. ನನ್ನ ಕಾರಿನಲ್ಲಿ ಅದು ಬ್ಯಾಟರಿ ಟ್ರೇ ಕೆಳಗಿತ್ತು. ಮೇಲಿನಿಂದ ನೋಡಿದರೆ ಗಟ್ಟಿಮುಟ್ಟು. ಬಗ್ಗಿಸಿದಾಗ ಹಸಿರು ಪುಡಿ ಉದುರಿತು, ಎಳೆಗಳು ಪಟಪಟ ಮುರಿದವು. ಕಡಲ ಗಾಳಿಯ ಉಪ್ಪು, ಮೇಲಿನಿಂದ ಆಸಿಡ್ಡಿನ ಹಬೆ. ಇನ್ನೇನಾಗುತ್ತದೆ?

ಅವರು ಜಂಪರ್ ಕೇಬಲ್ಲಿನ ಒಂದು ತುದಿಯನ್ನು ಬ್ಯಾಟರಿ ಮೈನಸ್ಸಿಗೆ, ಇನ್ನೊಂದನ್ನು ಎಂಜಿನ್ನಿಗೆ ಕಚ್ಚಿಸಿ ‘ಈಗ ಹೊಡೀರಿ’ ಅಂದರು. ಸೆಲ್ಫ್ ಹೊಸ ಕಾರಿನ ಹಾಗೆ ತಿರುಗಿತು. ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿದೆ ಅಂತ ನಾನು ಆಗಾಗ ಎಣ್ಣೆ ಬಿಡುತ್ತಿದ್ದೆ. ಅದಕ್ಕೂ ಇದೇ ಕಾರಣವಂತೆ. ಸರಿಯಾದ ದಾರಿ ಸಿಗದ ಕರೆಂಟು ಆ ತೆಳ್ಳಗಿನ ಕೇಬಲ್ಲಿನಲ್ಲಿ ನುಗ್ಗಿ ಅದನ್ನು ಸುಡುತ್ತಿತ್ತು. ಹೊಸ ಪಟ್ಟಿ ಹಾಕಿ, ಎರಡೂ ಕಡೆ ಲೋಹ ಹೊಳೆಯುವಷ್ಟು ಉಜ್ಜಿ, ಬೋಲ್ಟ್ ಬಿಗಿದು ಮೇಲೆ ವ್ಯಾಸಲೀನ್ ಸವರಿದರು. ಬಿಚ್ಚಿಟ್ಟ ಹಳೇ ಆಲ್ಟರ್ನೇಟರ್ ಏನೂ ಆಗದೆ ಇನ್ನೂ ನಮ್ಮ ಸ್ಟೋರ್ ರೂಮಿನಲ್ಲಿದೆ.

ಹಾಗಾಗಿ ನೀವು ಬ್ಯಾಟರಿಯ ತುದಿಯಲ್ಲಿ ಮಾತ್ರ ಅಳೆದು ತೀರ್ಮಾನಕ್ಕೆ ಬರಬೇಡಿ. ಆಲ್ಟರ್ನೇಟರ್ ಹತ್ತಿರವೂ ಅಳೆಯಿರಿ. ಲೈಟು ಬ್ಲೋವರ್ ಹಾಕಿಯೇ ಅಳೆಯಿರಿ, ಖಾಲಿ ಓಡುವಾಗ ಇಂಥ ದೋಷ ಅಡಗಿ ಕೂರುತ್ತದೆ. ಬ್ಯಾಟರಿ ಮೈನಸ್ಸಿಗೂ ಎಂಜಿನ್ ಲೋಹಕ್ಕೂ ನಡುವೆ 0.2 ವೋಲ್ಟಿಗಿಂತ ಜಾಸ್ತಿ ಬಂದರೆ ಅರ್ತ್ ಸರಿಯಿಲ್ಲ. ಕಡ್ಡಿಯನ್ನು ಕ್ಲಾಂಪಿಗಲ್ಲ, ನಡುವಿನ ಸೀಸದ ಗುಬುಟಿಗೇ ಒತ್ತಿ. ಒಮ್ಮೊಮ್ಮೆ ಆ ಎರಡರ ಮಧ್ಯೆಯೇ ಬಿಳಿ ಪುಡಿ ಕೂತಿರುತ್ತದೆ. ಕೆಲವು ಹೊಸ ಕಾರುಗಳಲ್ಲಿ ಕಂಪ್ಯೂಟರೇ ಚಾರ್ಜಿಂಗ್ ಏರಿಸಿ ಇಳಿಸಿ ಮಾಡುತ್ತದೆ, ಅಂಥದ್ದಾದರೆ ಒಂದೇ ಸಲ ನೋಡಿ ಗಾಬರಿಯಾಗಬೇಡಿ.

ಇದೆಲ್ಲ ಸರಿ ಇದ್ದು, ರಾತ್ರಿ 12.6 ಇದ್ದದ್ದು ಬೆಳಿಗ್ಗೆ 12.1 ಆಗಿದ್ದರೆ ಕಥೆ ಬೇರೆ. ನಿಂತ ಕಾರಿನಲ್ಲಿ ಯಾವುದೋ ಕರೆಂಟು ಕುಡಿಯುತ್ತಿದೆ. ಆಮೇಲೆ ಹಾಕಿಸಿದ ಸ್ಟೀರಿಯೋ, ಡ್ಯಾಶ್‌ಕ್ಯಾಮ್, ಜಿಪಿಎಸ್ ಮೊದಲು ಕಳಚಿ ನೋಡಿ.

35 ಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ, ಆಂಪಿಯರ್-ಅವರ್) ಬದಲು 45 ಹಾಕಿಸಲೇ ಅಂತ ಕೇಳಿದ್ದೀರಿ. ನಲ್ಲಿಯಲ್ಲಿ ನೀರೇ ಸಣ್ಣಗೆ ಬರುವಾಗ ದೊಡ್ಡ ಟ್ಯಾಂಕ್ ಕೂರಿಸಿದ ಹಾಗೆ. ಖಾಲಿಯಾಗುವುದು ನಾಲ್ಕು ದಿನ ತಡ, ಅಷ್ಟೇ. ಇನ್ನೊಂದು ಮಾತು, ‘ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ನೋಡೋಣ, ಆಫ್ ಆದರೆ ಡೈನಮೋ ಹೋಗಿದೆ’ ಅನ್ನುವ ಮೆಕ್ಯಾನಿಕ್ ಸಿಕ್ಕರೆ ಕೀ ಕೊಡಬೇಡಿ. ಹಾಗೆ ಕಿತ್ತಾಗ ವೋಲ್ಟೇಜ್ ಒಮ್ಮೆಲೆ ಹಾರಿ ಕಾರಿನ ಕಂಪ್ಯೂಟರ್ (ಇಸಿಯು) ಸುಟ್ಟುಹೋಗಬಹುದು. ಹಳೇ ಅಂಬಾಸಿಡರ್ ಕಾಲದ ವಿದ್ಯೆ ಅದು.

ಲ್ಯಾಪ್‌ಟಾಪೂ ಚಾರ್ಜ್ ಆಗುತ್ತಿಲ್ಲ, ಬ್ಯಾಟರಿ ಬದಲಿಸಬೇಕಾ ಅಂತ ಕೊನೆಗೆ ಸೇರಿಸಿದ್ದೀರಿ. ಅಲ್ಲೂ ಬೇಡ, ಈಗಲೇ ಬೇಡ. ಚಾರ್ಜರ್ ಹಾಕಿದಾಗ ಓಡುತ್ತದೆ, ಆದರೆ ಚಾರ್ಜ್ ಏರುವುದಿಲ್ಲ ಅಂದರೆ ಚಾರ್ಜರಿನ ಮೇಲೇ ಮೊದಲ ಅನುಮಾನ. ಕೆಲವು ಚಾರ್ಜರ್‌ಗಳ ತುದಿಯಲ್ಲಿ ನಡುವೆ ಕೂದಲಿನಷ್ಟು ಸಣ್ಣ ಪಿನ್ ಇರುತ್ತದೆ. ಇದು ನನ್ನದೇ ಚಾರ್ಜರ್ ಅಂತ ಲ್ಯಾಪ್‌ಟಾಪಿಗೆ ಗೊತ್ತಾಗುವುದು ಅದರಿಂದ. ಪಿನ್ ಬಗ್ಗಿದರೆ ಅಥವಾ ಅದರ ವೈರು ಒಳಗೇ ತುಂಡಾದರೆ ಲ್ಯಾಪ್‌ಟಾಪ್ ಓಡುತ್ತದೆ, ಚಾರ್ಜ್ ಮಾತ್ರ ಮಾಡಿಕೊಳ್ಳುವುದಿಲ್ಲ. ಅದೇ ಮಾಡೆಲ್, ಅಷ್ಟೇ ವ್ಯಾಟಿನ ಚಾರ್ಜರ್ ಯಾರ ಹತ್ತಿರವಾದರೂ ಇಸ್ಕೊಂಡು ಒಂದು ಸಂಜೆ ಹಾಕಿ ನೋಡಿ. ಚಾರ್ಜ್ 80 ಪರ್ಸೆಂಟಿಗೆ ಬಂದು ನಿಲ್ಲುತ್ತಿದ್ದರೆ ಸೆಟ್ಟಿಂಗಿನಲ್ಲಿ ಯಾರೋ ಮಿತಿ ಹಾಕಿಟ್ಟಿರಬಹುದು.

ಕಾರಿನದ್ದು ಮೂರು ಕಡೆಯ (ಬ್ಯಾಟರಿ, ಆಲ್ಟರ್ನೇಟರ್, ಮೈನಸ್ಸಿನಿಂದ ಎಂಜಿನ್ನಿಗೆ) ರೀಡಿಂಗ್ ತಗೊಂಡು ಇಲ್ಲೇ ಬರೆಯಿರಿ, ಲೈಟ್ ಹಾಕಿ ಒಮ್ಮೆ, ಆರಿಸಿ ಒಮ್ಮೆ. ಆಮೇಲೆ ಬೇಕಾದರೆ ಕಂಪನಿ ಬಗ್ಗೆ ಮಾತಾಡೋಣ.