ಆಂಗ್ಸೈಟಿ ಕಮ್ಮಿ ಆಗ್ಲಿ, ಆಮೇಲೆ ಸಿಗರೇಟ್ ಬಿಡ್ತೀನಿ ಅಂದವರ ಕೇಸ್

ಕೌನ್ಸೆಲಿಂಗ್‌ಗೆ ನನ್ನ ಹತ್ರ ಬರೋರಲ್ಲಿ ತುಂಬಾ ಜನ ಸಿಗರೇಟ್ ಬಿಡ್ಸಿ ಅಂತ ಬರಲ್ಲ, ಆಂಗ್ಸೈಟಿ, ಅಂದ್ರೆ ಆತಂಕ ಅಂತ ಬರ್ತಾರೆ, ಮಾತಾಡ್ತಾ ಮಾತಾಡ್ತಾ ಸಿಗರೇಟ್ ವಿಷ್ಯ ಹೊರಗೆ ಬರತ್ತೆ. ಈ ಕೇಸೂ ಹಾಗೇ. ಅವರ ಒಪ್ಪಿಗೆ ತಗೊಂಡು, ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿ ಬರೀತಾ ಇದೀನಿ.

ವಯಸ್ಸು ನಲವತ್ತರ ಹತ್ರ. ಆಫೀಸ್ ಕೆಲಸ, ಕೈಕೆಳಗೆ ಒಂದು ಟೀಮ್, ಮೇಲೆ ದಿನಾ ಲೆಕ್ಕ ಕೇಳೋ ಬಾಸ್. ಮನೇಲಿ ಹೆಂಡ್ತಿ, ಮಗಳು, ಹುಷಾರಿಲ್ಲದ ತಂದೆ. ದಿನಕ್ಕೆ 15ರಿಂದ 20 ಸಿಗರೇಟ್, ಬೆಳಿಗ್ಗೆ ಎದ್ದು ಅರ್ಧ ಗಂಟೆ ಒಳಗೆ ಮೊದಲನೇದು ಆಗ್ಲೇಬೇಕು. ಎದೆ ಡವಡವ ಅನ್ನೋದು, ಅಂಗೈ ಬೆವರೋದು, ರಾತ್ರಿ ಮೂರಕ್ಕೆ ಎಚ್ಚರ ಆದ್ರೆ ಮತ್ತೆ ನಿದ್ದೆ ಹತ್ತಲ್ಲ. ಹಾರ್ಟ್‌ದೇ ಏನೋ ಇರ್ಬೇಕು ಅಂತ ಹೆದರಿ ಡಾಕ್ಟರ್ ಹತ್ರ ಹೋಗಿ ಇಸಿಜಿ ಎಲ್ಲಾ ಮಾಡ್ಸಿ, ಏನೂ ತೊಂದ್ರೆ ಇಲ್ಲ ಅಂತ ಆದ್ಮೇಲೆ ಅವರೇ ನನ್ನ ಹತ್ರ ಕಳ್ಸಿದ್ರು. ಆತಂಕ ಎಷ್ಟಿದೆ ಅಂತ ನೋಡೋಕೆ ಜಿಎಡಿ-7 ಅನ್ನೋ ಏಳು ಪ್ರಶ್ನೆಯ ಫಾರಂ ತುಂಬ್ಸಿದೆ, 21ಕ್ಕೆ 14 ಬಂತು. 15 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ತೀವ್ರ ಅಂತ ಲೆಕ್ಕ, ಅಂದ್ರೆ ಅಂಚಲ್ಲೇ ಇದ್ರು.

ಸಿಗರೇಟ್ ಬಗ್ಗೆ ಕೇಳ್ದಾಗ ಅವರು ಹೇಳಿದ್ದು ಇದು: "ಮೇಡಂ, ಅದೊಂದು ಮಾತ್ರ ಈಗ ಕೇಳ್ಬೇಡಿ. ಇರೋ ಟೆನ್ಶನ್‌ಗೆ ಅದೊಂದೇ ಔಷಧಿ. ಈ ಆಂಗ್ಸೈಟಿ ಕಮ್ಮಿ ಮಾಡ್ಕೊಡಿ, ಆಮೇಲೆ ನಾನೇ ಬಿಟ್ಬಿಡ್ತೀನಿ." ಅವರು ಸುಮ್ನೆ ನೆಪ ಹೇಳ್ತಿರ್ಲಿಲ್ಲ. ಹಿಂದೆ ಬಿಡೋಕೆ ನೋಡಿದಾರೆ, ಪ್ರತಿ ಸಲ ಎರಡು ಮೂರನೇ ದಿನಕ್ಕೆ ಮೈಯೆಲ್ಲಾ ಪರಪರ ಅಂದು, ಚಿಕ್ಕ ವಿಷ್ಯಕ್ಕೆ ಮಗಳ ಮೇಲೆ ಕೂಗಾಡಿ, ಕೊನೆಗೆ ಹೆಂಡ್ತಿನೇ "ಪುಣ್ಯ ಬರತ್ತೆ, ಹೋಗಿ ಒಂದು ಸೇದ್ಕೊಂಡು ಬನ್ನಿ" ಅಂದಿದಾರೆ. ಸೇದಿದ್ರು, ಐದು ನಿಮಿಷದಲ್ಲಿ ಮನುಷ್ಯ ತಣ್ಣಗಾದ್ರು. ಇಷ್ಟು ನೋಡಿದ ಯಾರಿಗಾದ್ರೂ ಸಿಗರೇಟೇ ಔಷಧಿ ಅನ್ಸತ್ತೆ, ಅದರಲ್ಲಿ ಅವರ ತಪ್ಪೇನೂ ಇಲ್ಲ.

ಹಾಗಾಗಿ ನಾನು ಬಿಡಿ ಅಂತ ಹೇಳ್ಲಿಲ್ಲ. ಒಂದು ವಾರ ಎಷ್ಟು ಸೇದ್ತೀರೋ ಅಷ್ಟೇ ಸೇದಿ, ಆದ್ರೆ ಹಚ್ಚೋಕೆ ಮುಂಚೆ ಟೆನ್ಶನ್ ಹತ್ತರಲ್ಲಿ ಎಷ್ಟಿದೆ, ಆರಿಸಿದ್ಮೇಲೆ ಎಷ್ಟಿದೆ, ಒಂದು ಗಂಟೆ ಬಿಟ್ಟು ಎಷ್ಟಿದೆ, ಮೂರೇ ನಂಬರ್ ಮೊಬೈಲ್‌ನಲ್ಲಿ ಬರ್ಕೊಳ್ಳಿ ಅಂದೆ. ಜೊತೆಗೆ ಆಗ ಏನು ನಡೀತಿತ್ತು ಅಂತ ಒಂದೆರಡು ಪದ.

ಮುಂದಿನ ವಾರ ಇಬ್ರೂ ಕೂತು ನೋಡಿದ್ವಿ. ದಿನದ ಮೊದಲನೇ ಸಾಲು, ಏಳೂ ದಿನ ಹೆಚ್ಚುಕಮ್ಮಿ ಒಂದೇ ಥರ: ಮುಂಚೆ 7, ಆಮೇಲೆ 3, ಒಂದು ಗಂಟೆ ಬಿಟ್ಟು 6. ನಾನು ಕೇಳ್ದೆ, ಎದ್ದ ತಕ್ಷಣ 7 ಇದ್ಯಲ್ಲ, ಅಷ್ಟೊತ್ತಿಗೆ ಏನಾಗಿತ್ತು, ಬಾಸ್ ಫೋನ್ ಮಾಡಿದ್ರಾ?

"ಇಲ್ಲ ಮೇಡಂ, ಏನೂ ಆಗಿಲ್ಲ. ಎದ್ದಿದ್ದಷ್ಟೇ."

ಭಾನುವಾರನೂ 7 ಇದೆ.

"ಹೌದು... ಭಾನುವಾರನೂ ಇದೆ." ಅಂತ ಅಂದು ಮೊಬೈಲ್ ಮೇಲೆ ಕೆಳಗೆ ಸರಿಸ್ತಾ ಸುಮಾರು ಹೊತ್ತು ಸುಮ್ನೆ ಕೂತ್ರು.

ಆಗ ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡ್ಸಿ ಹೇಳ್ತೀನಿ, ಯಾಕಂದ್ರೆ ಇಡೀ ಕೇಸ್ ನಿಂತಿರೋದೇ ಇದರ ಮೇಲೆ. ದಮ್ ಎಳೆದ ಕೆಲವೇ ಸೆಕೆಂಡಲ್ಲಿ ನಿಕೋಟಿನ್ ಮೆದುಳಿಗೆ ಹೋಗತ್ತೆ, ಆದ್ರೆ ಸುಮಾರು ಎರಡು ಗಂಟೆಗೆ ರಕ್ತದಲ್ಲಿ ಇರೋದು ಅರ್ಧಕ್ಕೆ ಇಳಿಯತ್ತೆ. ಇಳೀತಾ ಇದ್ದ ಹಾಗೆ ಮೆದುಳು ಕೇಳೋಕೆ ಶುರು ಮಾಡತ್ತೆ, ಆ ಕೇಳೋದು ನಮಗೆ ಗೊತ್ತಾಗೋದು ಹೇಗೆ ಅಂದ್ರೆ ಚಡಪಡಿಕೆ, ಸಿಟ್ಟು, ಗಮನ ನಿಲ್ಲದೇ ಇರೋದು, ಏನೋ ಕೆಟ್ಟದಾಗತ್ತೆ ಅನ್ನೋ ಥರ ಒಂದು ಕಸಿವಿಸಿ. ಇವೆಲ್ಲಾ ಆತಂಕದ ಲಕ್ಷಣಗಳೇ ತಾನೇ, ಅದಕ್ಕೇ ನಾವು ಅದನ್ನ ಟೆನ್ಶನ್ ಅಂತ ಕರೀತೀವಿ. ಸಿಗರೇಟ್ ಹಚ್ಚಿದಾಗ ಹೋಗೋದು ಆ ಕಸಿವಿಸಿ, ಬಾಸ್ ಹಾಗೇ ಇರ್ತಾರೆ, ತಂದೆ ಕಾಯಿಲೆ ಹಾಗೇ ಇರತ್ತೆ. ಹಳೇ ಸಾಲದ ಬಡ್ಡಿ ಕಟ್ಟೋಕೆ ಅದೇ ಸಾಹುಕಾರನ ಹತ್ರ ಹೊಸ ಸಾಲ ತಂದ ಹಾಗೆ ಇದು, ಆ ಹೊತ್ತಿಗೆ ನಿರಾಳ ಆಗೋದು ನಿಜ, ಸಾಲ ಮಾತ್ರ ಬೆಳೀತಾನೇ ಇರತ್ತೆ. ಇನ್ನೊಂದು, ನಿಕೋಟಿನ್ ಹಾರ್ಟ್ ಬೀಟ್ ಜಾಸ್ತಿ ಮಾಡತ್ತೆ. ಎದೆ ಡವಡವ ಅಂತ ಹೆದರಿ ಸಿಗರೇಟ್ ಹಚ್ಚಿ, ಅದರಿಂದ ಇನ್ನೂ ಡವಡವ ಅಂದು, ಮತ್ತೆ ಹೆದರೋದು, ಇದನ್ನ ಆಂಗ್ಸೈಟಿ ಇರೋ ಸ್ಮೋಕರ್ಸ್ ಹತ್ರ ನಾನು ಪದೇ ಪದೇ ನೋಡ್ತೀನಿ.

ಬಿಟ್ರೆ ಆಂಗ್ಸೈಟಿ ಜಾಸ್ತಿ ಆಗಲ್ವಾ ಅಂತ ಅವರು ಕೇಳಿದ್ರು. ಮೊದಲ ಕೆಲವು ವಾರ ಆಗತ್ತೆ, ಸುಳ್ಳು ಹೇಳಲ್ಲ. ಎರಡು ಮೂರನೇ ದಿನ ತುದಿಗೇರತ್ತೆ, ಎರಡರಿಂದ ನಾಲ್ಕು ವಾರದಲ್ಲಿ ಬಹುತೇಕ ಇಳಿಯತ್ತೆ. ಅಂದ್ರೆ ಅವರು ಪ್ರತಿ ಸಲ ಸೋತು ವಾಪಸ್ ಬಂದಿದ್ದು ಸರಿಯಾಗಿ ಅತೀ ಕಷ್ಟದ ಜಾಗದಿಂದ, ಅದರಾಚೆ ಏನಿದೆ ಅಂತ ನೋಡೋ ಅವಕಾಶನೇ ಅವರಿಗೆ ಸಿಕ್ಕಿರ್ಲಿಲ್ಲ. ಆಚೆ ಏನಿದೆ ಅನ್ನೋದಕ್ಕೆ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 26 ಅಧ್ಯಯನ ಒಟ್ಟು ಸೇರಿಸಿ ನೋಡಿದ ವರದಿ ಬಂದಿದೆ, ಬಿಟ್ಟವರಲ್ಲಿ ಆತಂಕ, ಖಿನ್ನತೆ, ಒತ್ತಡ ಮೂರೂ ಮುಂದುವರಿಸಿದವರಿಗಿಂತ ಕಮ್ಮಿ ಆಗಿತ್ತು, ಮಾನಸಿಕ ಕಾಯಿಲೆ ಇದ್ದವರಲ್ಲೂ ಅಷ್ಟೇ. ಹಾಗಾಗಿ ಆಂಗ್ಸೈಟಿ ಹೋಗ್ಲಿ ಆಮೇಲೆ ಬಿಡ್ತೀನಿ ಅಂತ ಕಾಯೋದು ಬೇಡ, ಎರಡನ್ನೂ ಒಟ್ಟಿಗೇ ಹಿಡಿಯೋಣ ಅನ್ನೋದು ನನ್ನ ಖಚಿತ ಅಭಿಪ್ರಾಯ.

ಬಿಡೋ ದಿನ ಆರಿಸ್ಕೊಂಡಿದ್ದು ಎರಡು ವಾರ ಮುಂದೆ. ಟೆನ್ಶನ್ ಇಲ್ಲದ ದಿನ ಹುಡುಕಿದ್ರೆ ಯಾವತ್ತೂ ಸಿಗಲ್ಲ, ಆದ್ರೆ ಆಫೀಸಲ್ಲಿ ರಿವ್ಯೂ ಇರೋ ವಾರನೇ ಶುರು ಮಾಡೋ ಹಠಾನೂ ಬೇಡ ಅಂದೆ. ಡಾಕ್ಟರ್ ಹತ್ರ ವಾಪಸ್ ಕಳ್ಸಿದೆ, ಅವರು ಚರ್ಮಕ್ಕೆ ಅಂಟಿಸ್ಕೊಳ್ಳೋ ನಿಕೋಟಿನ್ ಪ್ಯಾಚ್ 21 ಮಿಲಿಗ್ರಾಂದು, ಜೊತೆಗೆ ತಡ್ಕೊಳ್ಳೋಕಾಗದೇ ಇದ್ದಾಗ ನಿಕೋಟಿನ್ ಗಮ್ ಬರ್ಕೊಟ್ರು. ಮನೋಬಲದಿಂದಲೇ ಬಿಡ್ಬೇಕು, ಪ್ಯಾಚ್ ಹಾಕ್ಕೊಂಡ್ರೆ ಅವಮಾನ ಅನ್ನೋ ಭಾವನೆ ಅವರಿಗಿತ್ತು, ನಮ್ಮಲ್ಲಿ ತುಂಬಾ ಜನಕ್ಕೆ ಇದೆ, ದಯವಿಟ್ಟು ಅದನ್ನ ಬಿಡಿ. ಆತಂಕ ಇರೋರಿಗಂತೂ ವಿತ್‌ಡ್ರಾವಲ್, ಅಂದ್ರೆ ನಿಕೋಟಿನ್ ಸಿಗದೇ ಇದ್ದಾಗ ಆಗೋ ಕಸಿವಿಸಿ, ಅದರ ಮೊನಚು ಕಮ್ಮಿ ಮಾಡ್ಕೊಳ್ಳೋದು ಮುಖ್ಯ.

ಗಮ್ ವಿಷ್ಯದಲ್ಲಿ ಮೊದಲ ವಾರ ಬಿಕ್ಕಳಿಕೆ, ಹೊಟ್ಟೆ ತೊಳಸೋದು ಅಂತ ಫೋನ್ ಮಾಡಿದ್ರು. ಹೇಗೆ ತಿಂತಾ ಇದೀರಾ ಅಂದ್ರೆ ಮಾಮೂಲಿ ಚೂಯಿಂಗ್ ಗಮ್ ಥರ ಜಗಿದು ಜಗಿದು ಉಗುಳು ನುಂಗ್ತಿದ್ರು. ಹಾಗಲ್ಲ ಅದು, ನಿಧಾನಕ್ಕೆ ನಾಲ್ಕಾರು ಸಲ ಜಗಿಬೇಕು, ಬಾಯಲ್ಲಿ ಚುರುಚುರು ಅಂದ ತಕ್ಷಣ ನಿಲ್ಲಿಸಿ ಕೆನ್ನೆ ಒಸಡು ಮಧ್ಯ ಇಟ್ಕೋಬೇಕು, ಚುರುಚುರು ಹೋದ್ಮೇಲೆ ಮತ್ತೆ ಜಗಿದು ಇನ್ನೊಂದು ಕಡೆ, ಹೀಗೆ ಅರ್ಧ ಗಂಟೆ. ನಿಕೋಟಿನ್ ಒಳಗೆ ಹೋಗೋದು ಬಾಯಿಯ ಒಳಚರ್ಮದಿಂದ, ನುಂಗಿದ್ರೆ ಬರೋದು ಬಿಕ್ಕಳಿಕೆ ಅಷ್ಟೇ. ಕಾಫಿ, ಕೂಲ್‌ಡ್ರಿಂಕ್ ಕುಡಿದು ಒಂದು ಕಾಲು ಗಂಟೆ ಆದ್ರೂ ಬಿಟ್ಟು ಹಾಕ್ಕೋಬೇಕು.

ಕಾಫಿ ಅಂದ್ನಲ್ಲ, ಇದನ್ನ ತುಂಬಾ ಜನ ಹೇಳೋದೇ ಇಲ್ಲ ಮತ್ತೆ ಎಷ್ಟೋ ಜನ ಎಡವೋದೂ ಇಲ್ಲೇ. ಸಿಗರೇಟ್ ಹೊಗೆಯಲ್ಲಿರೋ ಕೆಲವು ರಾಸಾಯನಿಕಗಳು ಲಿವರ್‌ನಲ್ಲಿ ಕೆಫೀನ್ ಕರಗಿಸೋ ಎಂಜೈಮನ್ನ ಚುರುಕು ಮಾಡಿ ಇಟ್ಟಿರ್ತವೆ. ಸೇದೋದು ನಿಂತ್ಮೇಲೆ ಕೆಲವೇ ದಿನಕ್ಕೆ ಆ ಚುರುಕು ಹೋಗತ್ತೆ, ಆಗ ಅದೇ ನಾಲ್ಕು ಲೋಟ ಕಾಫಿಗೆ ಮೈಯಲ್ಲಿ ಉಳಿಯೋ ಕೆಫೀನ್ ಸುಮಾರು ಎರಡರಷ್ಟಾಗ್ಬಹುದು. ಕೈ ನಡುಗೋದು, ಎದೆ ಬಡ್ಕೊಳ್ಳೋದು, ನಿದ್ದೆ ಬರ್ದೇ ಇರೋದು, ಎಲ್ಲಾನೂ ಸಿಗರೇಟ್ ಬಿಟ್ಟಿದ್ದರಿಂದ ಅಂದ್ಕೊಂಡು ಮತ್ತೆ ಹಚ್ತಾರೆ. ಇವರಿಗೆ ಬಿಡೋ ದಿನದಿಂದಲೇ ಕಾಫಿ ಅರ್ಧ ಮಾಡ್ಸಿದೆ, ಮಧ್ಯಾಹ್ನದ ಮೇಲೆ ಪೂರ್ತಿ ಬೇಡ ಅಂದೆ. ಇದೇ ಎಂಜೈಮ್ ಕಾರಣಕ್ಕೆ ಕ್ಲೋಜಪಿನ್, ಓಲಾಂಜಪಿನ್ ಥರದ ಮಾನಸಿಕ ಕಾಯಿಲೆಯ ಮಾತ್ರೆ ತಗೊಳ್ತಾ ಇರೋರು ಸಿಗರೇಟ್ ಬಿಡೋಕೆ ಮುಂಚೆನೇ ಡಾಕ್ಟರ್‌ಗೆ ಹೇಳ್ಲೇಬೇಕು, ಡೋಸ್ ಬದಲಾಯಿಸ್ಬೇಕಾಗ್ಬಹುದು.

ಇನ್ನು ಸಿಗರೇಟ್ ಅವರಿಗೆ ನಿಜವಾಗ್ಲೂ ಏನು ಕೊಡ್ತಿತ್ತು ಅಂತ ನೋಡಿದ್ರೆ, ಕುರ್ಚಿಯಿಂದ ಏಳೋದು, ಹೊರಗಿನ ಗಾಳಿ, ಐದು ನಿಮಿಷ ಯಾರೂ ಏನೂ ಕೇಳದೇ ಇರೋದು, ಉದ್ದಕ್ಕೆ ಉಸಿರು ಬಿಡೋದು. ಇವು ಒಳ್ಳೇವೇ, ಇವನ್ನ ಬಿಡೋದು ಬೇಡ, ಅದೇ ಟೈಮಿಗೆ ಎದ್ದು ಹೋಗಿ, ಸಿಗರೇಟ್ ಇಲ್ದೆ ಅಷ್ಟೇ ಅಂದೆ. ಸೇದೋರ ಗುಂಪಿನ ಕಡೆ ಅಲ್ಲ, ಇನ್ನೊಂದು ದಿಕ್ಕಿಗೆ. ನಾಲ್ಕು ಎಣಿಸ್ತಾ ಉಸಿರು ತಗೊಂಡು ಆರು ಎಣಿಸ್ತಾ ಬಿಡೋದು, ಮೂರ್ನಾಲ್ಕು ನಿಮಿಷ. ಸೇದ್ಲೇಬೇಕು ಅನ್ನೋ ಒಂದೊಂದು ಎಳೆತ ಸಾಮಾನ್ಯವಾಗಿ ಕೆಲವೇ ನಿಮಿಷ ಇರೋದು, ಹಾಗಾಗಿ ಅಷ್ಟು ಹೊತ್ತು ದಾಟಿದ್ರೆ ಸಾಕು, ಜೀವನ ಪೂರ್ತಿ ಹೇಗಪ್ಪಾ ಅಂತ ಯೋಚ್ನೆ ಮಾಡೋದು ಬೇಡ.

ಹೆಂಡ್ತಿನೂ ಒಂದ್ ಸಲ ಬಂದಿದ್ರು. ಮೊದಲ ವಾರದ ಸಿಟ್ಟು ನಿಮ್ಮ ಮೇಲಿನ ಸಿಟ್ಟಲ್ಲ, ಅದಕ್ಕೆ ಉತ್ತರ ಕೊಡೋಕೆ ಹೋಗ್ಬೇಡಿ, "ಹೋಗಿ ಒಂದು ಸೇದಿ" ಅಂತ ಮಾತ್ರ ಅನ್ಬೇಡಿ ಅಂದೆ. ಅವರೇ ಒಂದು ದಾರಿ ಹುಡುಕಿದ್ರು: ಇವರಿಗೆ ರೇಗಿದ್ರೆ "ನಂಗೆ ಈಗ ಆಗ್ತಿಲ್ಲ" ಅಂತ ಒಂದು ಮಾತು ಹೇಳಿ ಟೆರೇಸ್‌ಗೆ ಹೋಗೋದು, ಮನೇಲಿ ಯಾರೂ ಹಿಂದೆ ಹೋಗಲ್ಲ. ಮಗಳಿಗೂ ಹೇಳಿದ್ರಂತೆ, ಅಪ್ಪ ಸಿಗರೇಟ್ ಬಿಡ್ತಿದಾರೆ, ಕೆಲವು ದಿನ ಸಿಡುಕ್ತಾರೆ, ಅದು ನಿನ್ನಿಂದ ಅಲ್ಲ ಅಂತ. ಈ ಮಾತು ಆ ಮನೇಲಿ ಎಷ್ಟು ಕೆಲಸ ಮಾಡ್ತು ಅಂದ್ರೆ ನನ್ನ ಎಷ್ಟೋ ಸೆಶನ್‌ಗಿಂತ ಅದೇ ಹೆಚ್ಚು ಅನ್ಸತ್ತೆ.

ಐದನೇ ವಾರದಲ್ಲಿ ತಂದೇನ ರಾತ್ರೋರಾತ್ರಿ ಅಡ್ಮಿಟ್ ಮಾಡ್ಬೇಕಾಗಿ ಬಂತು, ಆಸ್ಪತ್ರೆ ಹೊರಗೆ ಒಂದು ಸೇದಿದ್ರು. ಮರುದಿನ ಫೋನ್ ಮಾಡಿ "ಎಲ್ಲಾ ಹಾಳಾಯ್ತು ಮೇಡಂ" ಅಂದ್ರು, ಧ್ವನಿ ಬಿದ್ದೋಗಿತ್ತು. ಹಾಳಾಗಿಲ್ಲ, ಐದು ವಾರ ಎಲ್ಲೂ ಹೋಗಿಲ್ಲ, ಒಂದು ಸಿಗರೇಟ್ ಆಗಿದೆ ಅಷ್ಟೇ, ಪ್ಯಾಚ್ ತೆಗೀಬೇಡಿ, ಪ್ಯಾಕ್ ಕೊಂಡಿದ್ರೆ ಈಗ್ಲೇ ಬಿಸಾಕಿ, ಮತ್ತೆ ಸೋಮವಾರದಿಂದ ಅಂತ ಮಾತ್ರ ಮುಂದಕ್ಕೆ ಹಾಕ್ಬೇಡಿ ಅಂದೆ. ಒಂದಾದ್ಮೇಲೆ ಪೂರ್ತಿ ವಾಪಸ್ ಹೋಗೋದು ಬಹಳ ಸಲ ನಿಕೋಟಿನ್‌ಗಿಂತ ಆ "ಹಾಳಾಯ್ತು" ಅನ್ನೋ ಯೋಚನೆಯಿಂದ. ಆ ಸೆಶನ್ ಪೂರ್ತಿ ನಾವು ಸಿಗರೇಟ್ ಬಗ್ಗೆ ಮಾತಾಡ್ಲೇ ಇಲ್ಲ, ತಂದೆ ಬಗ್ಗೆ ಮಾತಾಡಿದ್ವಿ, ಅವರು ಅತ್ರು.

ಮೂರು ತಿಂಗಳ ಮೇಲೆ ಅದೇ ಫಾರಂ ತುಂಬ್ಸಿದೆ, 6 ಬಂತು. ಬೆಳಿಗ್ಗೆ ಎದ್ದಾಗ ಎಷ್ಟು ಅಂದ್ರೆ ಎರಡೋ ಮೂರೋ ಅಂದ್ರು. ಪೂರ್ತಿ ವಾಸಿ ಅಂತ ನಾನು ಹೇಳಲ್ಲ, ಕೆಲಸದ ಒತ್ತಡ ಇದೆ, ತಂದೆ ಚಿಂತೆ ಇದೆ, ಬಾಸ್‌ಗೆ ಆಗಲ್ಲ ಅಂತ ಹೇಳೋದು ಇವತ್ತಿಗೂ ಕಷ್ಟ, ಅದರ ಮೇಲೆ ಈಗ ಕೆಲಸ ಮಾಡ್ತಾ ಇದೀವಿ. ಆದ್ರೆ ಈಗ ಇರೋದು ಅವರದ್ದೇ ಆತಂಕ, ನಿಕೋಟಿನ್‌ದಲ್ಲ, ಅದಕ್ಕೇ ಮಾತುಕತೆ, ವ್ಯಾಯಾಮ, ನಿದ್ದೆ ಎಲ್ಲಾ ಸರಿಯಾಗಿ ನಾಟ್ತಾ ಇದೆ.

ಇದೇ ಸ್ಥಿತೀಲಿ ಇರೋರಿಗೆ ಒಂದು ಮಾತು ಖಂಡಿತಾ ಹೇಳ್ಬೇಕು. ಬಿಟ್ಟು ಒಂದು ತಿಂಗಳಾದ್ರೂ ಮನಸ್ಸು ಏಳ್ತಾನೇ ಇಲ್ಲ, ಪ್ಯಾನಿಕ್ ಜಾಸ್ತಿ ಆಗ್ತಿದೆ ಅಂದ್ರೆ ವಿತ್‌ಡ್ರಾವಲ್ ಇರ್ಬೇಕು ಅಂತ ತಡ್ಕೊಂಡು ಕೂರ್ಬೇಡಿ, ಡಾಕ್ಟರ್‌ನ ನೋಡಿ. ಬದುಕೋದೇ ಬೇಡ ಅನ್ನೋ ಯೋಚ್ನೆ ಯಾವಾಗ ಬಂದ್ರೂ ಒಂದು ದಿನಾನೂ ಕಾಯ್ಬೇಡಿ, ಮನೇಲಿ ಯಾರಿಗಾದ್ರೂ ಹೇಳಿ, ತಕ್ಷಣ ಹೋಗಿ. ಆಂಗ್ಸೈಟಿ ಮಾತ್ರೆ ತಗೊಳ್ತಾ ಇದ್ರೆ ಅದನ್ನ ನೀವಾಗೇ ನಿಲ್ಲಿಸ್ಬೇಡಿ, ಎರಡೂ ಒಟ್ಟಿಗೆ ಬಿಟ್ಟು ಕ್ಲೀನ್ ಆಗ್ತೀನಿ ಅನ್ನೋ ಉತ್ಸಾಹ ಕೆಲವರಿಗೆ ಬರತ್ತೆ, ಅದು ಅಪಾಯ.

ಇವರ ತಂದೆಗೆ ಮುಂದಿನ ತಿಂಗಳು ಆಪರೇಷನ್ ಇದೆ. ಆ ದಿನ ಜೇಬಲ್ಲಿ ಗಮ್ ಇರ್ಬೇಕು, ರಾತ್ರಿ ಆಸ್ಪತ್ರೇಲಿ ಒಬ್ರೇ ಇರ್ಬಾರ್ದು, ತಮ್ಮ ಜೊತೆಗಿರ್ಲಿ, ಹೊರಗೆ ಹೋಗ್ಬೇಕು ಅನ್ಸಿದ್ರೆ ಹೆಂಡ್ತಿಗೆ ಫೋನ್ ಮಾಡ್ಕೊಂಡೇ ಹೋಗ್ಬೇಕು ಅಂತ ಈಗ್ಲೇ ಮಾತಾಡಿ ಇಟ್ಕೊಂಡಿದೀವಿ.