ಓದುಗರ ಪ್ರಶ್ನೆ: ಭೀಮಸೇನರ ಪಕ್ಕ ಕೂತವರು

ಕಳೆದ ಸಂಚಿಕೆಯಲ್ಲಿ "ಪಂಡಿತ ಭೀಮಸೇನ ಜೋಶಿಯವರ ಹಾಡಿಗೆ ನಾನಾ ಮುಳೆಯವರ ತಬಲಾವೇ ಸರಿಯಾದ ಜೋಡಿ" ಎಂದು ಒಂದು ಸಾಲು ಬರೆದದ್ದೇ ತಡ, ಘಟ್ಟದ ಮೇಲಿಂದಲೂ ಕೆಳಗಿಂದಲೂ ಪತ್ರಗಳು ಬಂದವು. ಕೆಲವರಿಗೆ ಸಿಟ್ಟೂ ಬಂದಿದೆ. ಬರಲಿ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರ.

ನಾವು ಐದಾರು ಜನ ವಾರಕ್ಕೊಮ್ಮೆ ಸೇರಿ ಹಳೆ ಧ್ವನಿಮುದ್ರಿಕೆ ಕೇಳುತ್ತೇವೆ. ವಸಂತರಾವ್ ಆಚರೇಕರ್ ತಬಲಾಕ್ಕೆ ಕೂತಾಗ ಭೀಮಸೇನರ ಹಾಡಿಗೆ ಬೇರೆಯೇ ಖದರಿತ್ತು, ಆಮೇಲೆ ಬರೀ ಠೇಕಾ (ತಾಳದ ಮೂಲ ಬೋಲುಗಳ ಸುತ್ತು) ಹಿಡಿಯುವವರು ಬಂದರು ಎನ್ನುವುದು ನನ್ನ ವಾದ. ಉಳಿದವರು ಒಪ್ಪುವುದಿಲ್ಲ. ನೀವೇನು ಹೇಳುತ್ತೀರಿ?
– ಓದುಗರು, ಸಿರ್ಸಿ

ನಾನು ಉಳಿದವರ ಪಕ್ಷ. "ಬರೀ ಠೇಕಾ" ಅಂದಿರಲ್ಲ, ನನ್ನ ತಕರಾರು ಇರುವುದೇ ಅಲ್ಲಿ.

ಭೀಮಸೇನರದ್ದು ಕಿರಾಣಾ ಘರಾಣೆ (ಹಾಡುವ ಪರಂಪರೆ), ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ ಕಲಿತವರು. ಆ ದಾರಿಯಲ್ಲಿ ಬಡಾ ಖ್ಯಾಲ್ (ನಿಧಾನಗತಿಯ ಮುಖ್ಯ ಹಾಡು) ಅಂದರೆ ಒಂದೊಂದೇ ಸ್ವರ ಬಿಡಿಸುತ್ತಾ, ಅವಸರವಿಲ್ಲದೆ ಮೇಲಕ್ಕೆ ಹೋಗುವುದು. ಅದಕ್ಕೆ ಅವರು ಹೆಚ್ಚಾಗಿ ಇಟ್ಟುಕೊಳ್ಳುತ್ತಿದ್ದ ತಾಳ ವಿಲಂಬಿತ್, ಅಂದರೆ ನಿಧಾನದ, ಏಕತಾಲ. ಲೆಕ್ಕಕ್ಕೆ 12 ಮಾತ್ರೆ, ಅಂದರೆ 12 ಎಣಿಕೆ, ಅಷ್ಟೇ. ಆದರೆ ಒಂದು ಮಾತ್ರೆಯಿಂದ ಇನ್ನೊಂದಕ್ಕೆ ಹೋಗಲು ನಾಲ್ಕೈದು ಸೆಕೆಂಡ್ ಬೇಕು, ಸುತ್ತು ಮುಗಿದು ಸಮ್‌ಗೆ, ಅಂದರೆ ಮತ್ತೆ ಮೊದಲ ಮಾತ್ರೆಗೆ, ಬರುವಷ್ಟರಲ್ಲಿ ಹತ್ತಿರ ಹತ್ತಿರ ಒಂದು ನಿಮಿಷ ಆಗಿರುತ್ತದೆ. ನೀವೇ ತೊಡೆ ತಟ್ಟಿ ನೋಡಿ. ಧಿನ್, ಧಿನ್, ಧಾಗೆ, ತಿರಕಿಟ, ತೂ, ನಾ, ಕತ್, ತಾ... ನಾಲ್ಕು ಸೆಕೆಂಡಿಗೊಂದು. ಮೂರನೇ ಸುತ್ತಿಗೆ ಕೈ ಓಡಲು ಶುರುಮಾಡುತ್ತದೆ. ಅದರ ಜೊತೆಗೆ ಪಕ್ಕದಲ್ಲೊಬ್ಬರು ಮೂರು ಸಪ್ತಕಕ್ಕೂ ತಾನ್ (ವೇಗದ ಸ್ವರಗಳ ಸರಣಿ) ಎಸೆಯುತ್ತಾ ನಿಮ್ಮ ಲೆಕ್ಕ ಕೆಡಿಸುತ್ತಿರುತ್ತಾರೆ. ಹಾಗೆ ಒಂದು ಗಂಟೆ ಕೂತು, ನಾಲ್ಕನೇ ಮಾತ್ರೆಯ ತಿರಕಿಟ ಯಾವಾಗಲೂ ಅದೇ ಜಾಗದಲ್ಲಿ, ಅದೇ ತೂಕದಲ್ಲಿ ಬೀಳಬೇಕು. ಇದನ್ನು ಮುಳೆಯವರು ವರ್ಷಗಟ್ಟಲೆ ಮಾಡಿದರು. ಅವರು ತಬಲಾದಲ್ಲಿ ಜಾಸ್ತಿ ಮಾತಾಡಲಿಲ್ಲ ಅಂತಲೇ ಭೀಮಸೇನರಿಗೆ ಅಷ್ಟು ಜಾಗ ಸಿಕ್ಕಿತು.

ಆಚರೇಕರ್ ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಹೆಸರು ಜಾಸ್ತಿ ಅಂಟಿಕೊಂಡಿರುವುದು ಗಾಯಕ ಕುಮಾರ ಗಂಧರ್ವರ ಜೊತೆ. ಕುಮಾರರು ಬಂದಿಶ್‌ನ (ಹಾಡಿನ ರಚನೆಯ) ಮಾತುಗಳನ್ನೇ ಲಯದಲ್ಲಿ ತಿರುಗಿಸಿ ಆಡಿಸುವವರು. ಅಲ್ಲಿ ತಬಲಾ ಮಾತಿಗೆ ಮಾತು ಕೊಡಬೇಕು. ಆ ಚುರುಕನ್ನೇ ನೀವು ಇಲ್ಲೂ ಹುಡುಕುತ್ತಿದ್ದೀರಿ ಎಂದು ನನ್ನ ಅನುಮಾನ.

ಇನ್ನೊಂದು ವಿಷಯ. ಭೀಮಸೇನರು ಹುಟ್ಟಿದ್ದು 1922ರಲ್ಲಿ. ನೀವು ಕೇಳುತ್ತಿರುವ ಹಳೆ ಮುದ್ರಿಕೆಗಳಲ್ಲಿ ಅವರಿಗೆ ನಲವತ್ತರ ಆಸುಪಾಸು. ಆ ಖದರು ತಬಲಾದ್ದೋ, ಆ ವಯಸ್ಸಿನ ಗಂಟಲಿನದ್ದೋ? ಮುಂದಿನ ಸಲ ಸೇರಿದಾಗ ಇದನ್ನೇ ಇಟ್ಟುಕೊಂಡು ಜಗಳ ಆಡಿ. ಭರತ್ ಕಾಮತ್ ಅವರು ಕೊನೆಯ ವರ್ಷಗಳಲ್ಲಿ ಸಾಥ್ (ಪಕ್ಕವಾದ್ಯ) ಕೊಟ್ಟ ಕಾರ್ಯಕ್ರಮಗಳನ್ನೂ ಕೇಳಿ. ಸ್ವರಕ್ಕೂ ಸ್ವರಕ್ಕೂ ನಡುವೆ ವಯಸ್ಸಾದ ಹಾಡುಗಾರ ಉಸಿರು ತೆಗೆದುಕೊಳ್ಳುವಾಗ ಚಿಕ್ಕ ವಯಸ್ಸಿನ ತಬಲಾದವರು ಹೇಗೆ ಕಾಯುತ್ತಾರೆ ನೋಡಿ. ಅದೂ ಕಲಿತೇ ಬರಬೇಕು.

ರೇಡಿಯೋದ ಹಳೆಯ ಗಾಯನ ಕೇಳಿದರೆ ಹಾರ್ಮೋನಿಯಂ ಇರುವುದೇ ಇಲ್ಲ, ಸಾರಂಗಿ ಇರುತ್ತದೆ. ಆ ಕಾಲದ ಗಾಯಕರಿಗೆ ಪೇಟಿ ಇಷ್ಟ ಇರಲಿಲ್ಲವಾ? ನಮ್ಮ ಭಾವ ಹಾಗೇ ವಾದಿಸುತ್ತಾರೆ.
– ಓದುಗರು, ಕುಮಟಾ

ಭಾವನವರಿಗೆ ಹೇಳಿ, ಇಷ್ಟ ಇಲ್ಲದಿದ್ದದ್ದು ಗಾಯಕರಿಗಲ್ಲ, ಆಕಾಶವಾಣಿಗೆ. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ನಿಷೇಧಿಸಿತು. ಅದರ ಸ್ವರಗಳು ಮೊದಲೇ ಕೂರಿಸಿಟ್ಟವು, ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬರುವುದಿಲ್ಲ, ನಮ್ಮ ಶ್ರುತಿಗಳಿಗೆ ಹೊಂದುವುದಿಲ್ಲ, ಮೇಲಾಗಿ ವಿದೇಶಿ ಎನ್ನುವುದು ಅವರ ವಾದ. ನಿಷೇಧ ಸ್ವಲ್ಪ ಸಡಿಲವಾಗಿದ್ದು 1971ರ ಹೊತ್ತಿಗೆ. ಅಂದರೆ ಮೂವತ್ತು ವರ್ಷ ರೇಡಿಯೋ ಒಳಗೆ ಸಾರಂಗಿ, ಹೊರಗೆ ಬೈಠಕ್ ಕಛೇರಿಯಲ್ಲಿ ಅದೇ ಗಾಯಕರ ಪಕ್ಕ ಪೇಟಿ! ರೇಡಿಯೋ ಮುದ್ರಿಕೆ ಕೇಳಿ "ಆಗ ಇವರೇ ಸಾಥಿದಾರರು" ಎಂದು ತೀರ್ಮಾನಿಸಿದರೆ ಅರ್ಧ ಚಿತ್ರ ಸಿಕ್ಕಂತೆ.

ಭೀಮಸೇನರ ಜೊತೆ ಪೇಟಿಗೆ ಪುರುಷೋತ್ತಮ ವಾಲಾವಲಕರ್, ಅಪ್ಪಾ ಜಳಗಾಂವಕರ್ ಎಷ್ಟೋ ಸಲ ಕೂತಿದ್ದಾರೆ. ನನಗೆ ಅಪ್ಪಾ ಜಾಸ್ತಿ ಇಷ್ಟ. ಹಾಡುಗಾರರು ಸುಮ್ಮನಾದ ಕ್ಷಣಕ್ಕೆ ಅವರ ಕೊನೆಯ ಸ್ವರವನ್ನೇ ಹಿಡಿದು ಬಿಡುತ್ತಾರೆ, ಅಷ್ಟೇ, ಮುಂದೆ ಹೋಗಿ ತಮ್ಮದೇನೋ ತೋರಿಸುವುದಿಲ್ಲ. ವಾಲಾವಲಕರ್ ಪಕ್ಷದವರು ಪತ್ರ ಬರೆಯಬಹುದು.

ಎಲ್ಲ ಹೆಸರೂ ಬಂತು, ಪೇಟಿ ನುಡಿಸುವ ಗೋವೆಯ ತುಳಸೀದಾಸ ಬೋರಕರ್ ಅವರದ್ದು ಬಿಟ್ಟಿರಿ. ಕಾಳಿ ನದಿ ದಾಟಿದರೆ ನಮಗೆ ಗೋವಾ ಪಕ್ಕದ ಮನೆ.
– ಓದುಗರು, ಕಾರವಾರ

ಬಿಟ್ಟಿಲ್ಲ, ಜಾಗ ಸಾಲಲಿಲ್ಲ. ಬೋರಿ ಗ್ರಾಮದವರು, 1934ರಲ್ಲಿ ಹುಟ್ಟಿದವರು, 2016ರಲ್ಲಿ ಪದ್ಮಶ್ರೀ ಬಂತು, 2018ರಲ್ಲಿ ತೀರಿಕೊಂಡರು. ಆದರೆ ಅವರನ್ನು ಬರೀ ಸಾಥಿದಾರರ ಪಟ್ಟಿಯಲ್ಲಿ ಸೇರಿಸುವುದು ಅನ್ಯಾಯ. ಅವರ ಪೇಟಿಯನ್ನು ಒಂಟಿಯಾಗಿಯೂ ಕೇಳಬೇಕು.

ಹಿಂದೆ ತಂಬೂರಿ ಹಿಡಿದು ಕೂತು ಮಧ್ಯೆ ಮಧ್ಯೆ ಹಾಡುವವರನ್ನೂ ಸಾಥಿದಾರರು ಅನ್ನಬಹುದಾ?
– ಓದುಗರು, ಯಲ್ಲಾಪುರ

ಧಾರಾಳವಾಗಿ. ಧಾರವಾಡದ ಮಾಧವ ಗುಡಿಯವರು ಭೀಮಸೇನರ ಹಿಂದೆ ಎಷ್ಟು ವರ್ಷ ಕೂತರು! ಗುರುಗಳು ಉಸಿರಿಗೆ ನಿಲ್ಲಿಸಿದಲ್ಲಿ ಸ್ವರ ಬೀಳದಂತೆ ಎತ್ತಿ ಹಿಡಿದು, ಅವರು ಬಾಯಿ ತೆರೆದ ಕೂಡಲೇ ಬಿಟ್ಟುಕೊಡಬೇಕು. ಗುರುಗಳು ಹೋಗಿದ್ದು 2011ರ ಜನವರಿಯಲ್ಲಿ, ಅದೇ ವರ್ಷ ಏಪ್ರಿಲ್‌ನಲ್ಲಿ ಗುಡಿಯವರೂ ಹೋದರು.

ನಮ್ಮ ಮನೆಯಲ್ಲಿ ಇದೇ ಜಗಳ ಯಕ್ಷಗಾನದ ನೆಬ್ಬೂರು ಭಾಗವತರ ವಿಷಯಕ್ಕೆ. ಅಪ್ಪನಿಗೆ ಪ್ರಭಾಕರ ಭಂಡಾರಿಯವರ ಮದ್ದಲೆ, ಕೃಷ್ಣ ಯಾಜಿಯವರ ಚಂಡೆ ಇದ್ದರೇ ಪದ್ಯ. ನನಗೆ ಈಗಿನ ಹಿಮ್ಮೇಳದ ಅಬ್ಬರವೇ ಇಷ್ಟ. ನನ್ನ ಕಿವಿ ಕೆಟ್ಟಿದೆ ಅಂತಾರೆ ಅಪ್ಪ.
– ಓದುಗರು, ಹೊನ್ನಾವರ

ಕೆಟ್ಟಿಲ್ಲ. ನೀವು ಕೇಳುತ್ತಿರುವುದೇ ಬೇರೆ ಆಟ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದಲ್ಲಿ ನೆಬ್ಬೂರು ನಾರಾಯಣ ಭಾಗವತರು ಹಾಡಿದ್ದು ಅಭಿನಯಕ್ಕೆ. ಶಂಭು ಹೆಗಡೆಯವರು ಒಂದು ಪದ್ಯದ ಒಂದೇ ಸಾಲನ್ನು ಹಿಡಿದು ಕಣ್ಣಲ್ಲಿ, ಕೈಯಲ್ಲಿ ನಾಲ್ಕು ರೀತಿ ಬಿಡಿಸುವಾಗ ಭಾಗವತರು ಅದೇ ಸಾಲನ್ನು ನಾಲ್ಕು ಸಲ, ಪ್ರತಿ ಸಲವೂ ಸ್ವಲ್ಪ ಬೇರೆಯಾಗಿ ಹೇಳಬೇಕು. ಅಲ್ಲಿ ಮದ್ದಲೆಗೆ ಕೆಲಸ ಜಾಸ್ತಿ, ಚಂಡೆ ಕೋಲು ಕೆಳಗಿಟ್ಟು ಕೂರಬೇಕಾದ ಹೊತ್ತೂ ಇದೆ. ಯುದ್ಧ ಬಂತು, ರಾಕ್ಷಸ ಬಂದ ಅಂದಾಗ ಚಂಡೆ ಏಳುತ್ತದೆ. ಅಷ್ಟು ಹೊತ್ತು ಸುಮ್ಮನಿದ್ದ ಕಾರಣಕ್ಕೇ ಅದು ಮೈ ನಡುಗಿಸುತ್ತದೆ.

ಈಗ ಮೊಬೈಲ್‌ನಲ್ಲಿ ಬರುವುದು ಹೆಚ್ಚಾಗಿ ವೇಗದ ಏರುಪದ್ಯಗಳು, ಅದೂ ಹತ್ತು ನಿಮಿಷದ ತುಂಡು. ಚಂಡೆಗೆ ಬೇರೆ ಮೈಕ್, ಮದ್ದಲೆಗೆ ಬೇರೆ ಮೈಕ್. ಹಿಂದಿನ ಕ್ಯಾಸೆಟ್‌ಗಳಲ್ಲಿ ಚಂಡೆ ದೂರದಲ್ಲಿ ಕೇಳುತ್ತಿದ್ದರೆ ಅದು ಬಾರಿಸುವವರ ವಿನಯ ಮಾತ್ರ ಅಲ್ಲ, ಟೇಪ್ ರೆಕಾರ್ಡರ್ ಇಟ್ಟ ಜಾಗವೂ ಹೌದು. ಅಪ್ಪನ ಜೊತೆ ಮಳೆಗಾಲದಲ್ಲಿ ಒಂದು ತಾಳಮದ್ದಲೆಗೆ ಹೋಗಿ. ಕುಣಿತ ಇಲ್ಲ, ವೇಷ ಇಲ್ಲ, ಮದ್ದಲೆಯ ಬೆರಳು ಏನು ಮಾಡುತ್ತಿದೆ ಎಂದು ಸರಿಯಾಗಿ ಕೇಳುತ್ತದೆ. ಆಮೇಲೂ ಅಬ್ಬರವೇ ಇಷ್ಟ ಅನಿಸಿದರೆ ಅಪ್ಪನಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ.

ಗಂಗೂಬಾಯಿ ಹಾನಗಲ್ ಅವರಿಗೆ ತಬಲಾಕ್ಕೆ ಶೇಷಗಿರಿ ಹಾನಗಲ್, ಜೊತೆಗೆ ಹಾಡಲು ಮಗಳು ಕೃಷ್ಣಾ ಹಾನಗಲ್. ಈಗಿನವರು ಊರಿಗೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಇದಕ್ಕೇ ಅಲ್ವಾ ಹಾಡು ಅಂಟುವುದಿಲ್ಲ?
– ಓದುಗರು, ಅಂಕೋಲಾ

ಅರ್ಧ ಒಪ್ಪುತ್ತೇನೆ. ಮನೆಯವರೇ ಸಾಥಿದಾರರಾದರೆ ಕಣ್ಸನ್ನೆಯೂ ಬೇಕಾಗುವುದಿಲ್ಲ. ಕೃಷ್ಣಾ 2004ರಲ್ಲಿ ತೀರಿಕೊಂಡ ಮೇಲೆ ಗಂಗೂಬಾಯಿಯವರಿಗೆ ಆ ಧ್ವನಿಯ ಬದಲಿ ಎಲ್ಲಿ ಸಿಗಬೇಕು? ಆದರೆ ಈಗಿನವರಿಗೆ ಅದು ಆಯ್ಕೆಯಲ್ಲ, ಖರ್ಚು. ಪುಣೆಯಿಂದ ಅಂಕೋಲೆಗೆ ಒಬ್ಬರನ್ನು ಕರೆಸುವುದೇ ಕಷ್ಟ, ಮೂವರನ್ನು ಕರೆಸಿ ಎಂದರೆ ಯಾವ ಸಂಘದವರು ತಾನೇ ಒಪ್ಪುತ್ತಾರೆ. ಮೇಲಾಗಿ ನಮ್ಮ ಜಿಲ್ಲೆಯಲ್ಲಿ ತಬಲಾದವರಿಗೇನು ಬರಗಾಲವೇ? ಒಳ್ಳೆಯವರೇ ಇದ್ದಾರೆ.

ಎಡವುವುದು ಬೇರೆ ಕಡೆ. ಗಾಯಕರೂ ತಬಲಾದವರೂ ಒಬ್ಬರ ಮುಖ ಒಬ್ಬರು ನೋಡುವುದೇ ವೇದಿಕೆ ಮೇಲೆ. ಸಮುದ್ರದ ಗಾಳಿಗೆ ತಬಲಾದ ಚರ್ಮ ಸಡಿಲಾಗಿ ಸುರ್ ಇಳಿದಿರುತ್ತದೆ, ಸುತ್ತಿಗೆ ಹಿಡಿದು ಗಟ್ಟಾ (ಬಿಗಿ ಮಾಡುವ ಮರದ ತುಂಡು) ಬಡಿಯುತ್ತಾ ಕೂರುವುದರಲ್ಲೇ ಹತ್ತು ನಿಮಿಷ ಹೋಗುತ್ತದೆ, ಅಷ್ಟರಲ್ಲಿ ಗಾಯಕರಿಗೂ ಹುಮ್ಮಸ್ಸು ಇಳಿದಿರುತ್ತದೆ. ನೀವು ಯಾವುದಾದರೂ ಸಂಘದಲ್ಲಿದ್ದರೆ ಒಂದು ಕೆಲಸ ಮಾಡಿ. ಇಬ್ಬರನ್ನೂ ಎರಡು ಗಂಟೆ ಮೊದಲೇ ಕರೆಸಿ, ಒಂದೇ ಕೋಣೆಯಲ್ಲಿ ಚಾ ಕೊಟ್ಟು ಕೂರಿಸಿ, ಬಾಗಿಲು ಹಾಕಿಬಿಡಿ. ಸನ್ಮಾನದ ಭಾಷಣ ಕಾರ್ಯಕ್ರಮದ ಕೊನೆಗಿರಲಿ. ಬೇಕಾದವರು ಕೂತು ಕೇಳುತ್ತಾರೆ.