ಕನಕನ ಕಿಂಡಿ ಸಾಲದು

ಹಾಸನದಿಂದ ಆಗಸ್ಟಿನಲ್ಲಿ ನ್ಯೂಜೆರ್ಸಿಯ ಪ್ಲೇನ್ಸ್‌ಬರೋಗೆ ಬಂದಿದ್ದೀರಿ. ಸೆಕೆಂಡ್ ಹ್ಯಾಂಡ್ ಎಸ್‌ಯುವಿ ಕೊಂಡಿದ್ದೀರಿ. ಅಪಾರ್ಟ್‌ಮೆಂಟಿನಲ್ಲಿ ಗ್ಯಾರೇಜ್ ಇಲ್ಲ, ಕಾರು ಬಯಲಲ್ಲೇ ನಿಲ್ಲುತ್ತದೆ. "ಸ್ನೋ ಬಿದ್ದ ದಿನ ಹೀಟರ್ ಹಾಕಿ ವೈಪರ್ ಓಡಿಸಿದರೆ ಸಾಕಲ್ವಾ ಅಣ್ಣ? ಟಾಪ್ ಮೇಲಿನದನ್ನೂ ತೆಗೀಬೇಕಾ? ಬೆಳಿಗ್ಗೆ ಎಷ್ಟು ಬೇಗ ಏಳಬೇಕು?" ಅಂತ ಕೇಳಿದ್ದೀರಿ. ಅಣ್ಣ ಅಂದಿದ್ದೀರಲ್ಲ, ಸ್ವಲ್ಪ ಸಲುಗೆಯಿಂದಲೇ ಹೇಳುತ್ತೇನೆ. ಸಾಲದು. ತೆಗೀಲೇಬೇಕು. ಅರ್ಧ ಗಂಟೆ ಬೇಗ.

ನಾನೂ ನಿಮ್ಮ ಹಾಗೇ ಲೆಕ್ಕ ಹಾಕಿದವನು. ನ್ಯೂಜೆರ್ಸಿಯಲ್ಲಿ ನನ್ನ ಮೊದಲ ಚಳಿಗಾಲ. ರಾತ್ರಿಯೆಲ್ಲ ಅರ್ಧ ಅಡಿ ಬಿದ್ದಿತ್ತು. ಆಫೀಸಿಗೆ ಹೊತ್ತಾಗಿತ್ತು, ಕೈಯಲ್ಲಿ ಬ್ರಷ್ ಇರಲಿಲ್ಲ. ಕಾರೊಳಗೆ ಸಿಕ್ಕ ಹಳೇ ಸೀಡಿ ಡಬ್ಬಿಯಿಂದ ಮುಂದಿನ ಗಾಜನ್ನು ಕೆರೆದೆ. ಡ್ರೈವರ್ ಕಣ್ಣಿನ ನೇರಕ್ಕೆ ಒಂದು ಮೊಣಕೈಯಗಲ ಕಂಡರೆ ಸಾಕು ಅಂದುಕೊಂಡು ಹೊರಟೆ. ಉಡುಪಿಯಲ್ಲಿ ಕನಕನ ಕಿಂಡಿಯಿಂದ ಕೃಷ್ಣ ಕಾಣಿಸುತ್ತಾನೆ. ರೂಟ್ 1 ಹೆದ್ದಾರಿಯಲ್ಲಿ ಅಂಥ ಕಿಂಡಿಯಿಂದ ಕಾಣಿಸುವವನು ಬೇರೆ!

ಐದಾರು ಮೈಲಿ ಏನೂ ಆಗಲಿಲ್ಲ. ಹೀಟರ್ ಚೆನ್ನಾಗಿ ಕಾಯಿತು, ಒಳಗೆ ಹಿತವಾಗಿತ್ತು. ಆ ಕಾವಿಗೇ ಟಾಪ್ ಮೇಲಿನ ಸ್ನೋದ ತಳ ಕರಗಿ ನೀರಾಗುತ್ತಿದೆ ಅಂತ ನನಗೆ ಹೊಳೆಯಲೇ ಇಲ್ಲ. ಸಿಗ್ನಲ್ ಕೆಂಪಾಯಿತು, ಬ್ರೇಕ್ ಒತ್ತಿದೆ. ಮೇಲಿದ್ದದ್ದೆಲ್ಲ ಒಂದೇ ಹಾಸಿಗೆಯಂತೆ ಜಾರಿಬಂದು ಧೊಪ್ಪೆಂದು ಮುಂದಿನ ಗಾಜಿನ ಮೇಲೆ ಕೂತಿತು. ಕಾರೊಳಗೆ ಗಕ್ಕನೆ ಕತ್ತಲು. ವೈಪರ್ ಹಾಕಿದರೆ ಅದು ಒಮ್ಮೆ ನರಳಿ ನಿಂತಿತು. ಇಳಿದು ಬರಿಗೈಯಲ್ಲಿ ಬಾಚತೊಡಗಿದೆ. ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಿದ್ದರು. ಪಿಕಪ್ ಒಂದರಿಂದ ಒಬ್ಬ ಅಜ್ಜ ಇಳಿದು ಬಂದ. ಒಂದು ಮಾತೂ ಆಡಲಿಲ್ಲ. ತನ್ನ ಉದ್ದ ಬ್ರಷ್‌ನಿಂದ ಎರಡೇ ನಿಮಿಷದಲ್ಲಿ ಗಾಜು, ಬಾನೆಟ್, ಟಾಪ್ ಎಲ್ಲ ಎಳೆದು ಹಾಕಿ ಹೋದ. ಬೈದಿದ್ದರೆ ಚೆನ್ನಾಗಿತ್ತು ಅಂತ ಈಗಲೂ ಅನ್ನಿಸುತ್ತದೆ.

ನನ್ನ ಪುಣ್ಯ, ಅದು ಮುಂದಕ್ಕೆ ಜಾರಿತು, ಅದೂ ನಿಂತಾಗ. ಹಿಂದಕ್ಕೆ ಹಾರುವುದು ಇನ್ನೂ ಕೆಟ್ಟದ್ದು. ಸಂಜೆ ಮನೆಗೆ ಬಂದಾಗ ಕಾರು ಬಿಸಿಯಿರುತ್ತದೆ, ಸ್ನೋದ ತಳ ಕರಗುತ್ತದೆ. ರಾತ್ರಿ ಚಳಿಗೆ ಅದೇ ನೀರು ಗಟ್ಟಿಯಾಗಿ ಟಾಪ್‌ನಷ್ಟೇ ಅಗಲದ ಐಸ್ ಚಪ್ಪಡಿಯಾಗುತ್ತದೆ. ಮೇಲಿನ ಪುಡಿ ಸ್ನೋ ತೆಗೆದು "ಆಯ್ತು" ಅಂದುಕೊಂಡರೆ ಚಪ್ಪಡಿ ಅಲ್ಲೇ ಉಳಿದಿರುತ್ತದೆ. ಟರ್ನ್‌ಪೈಕ್ ಹೆದ್ದಾರಿಯಲ್ಲಿ 65 ಮೈಲಿ ವೇಗಕ್ಕೆ ಗಾಳಿ ಅದರಡಿಗೆ ನುಗ್ಗಿ ಎಬ್ಬಿಸುತ್ತದೆ. ಹಿಂದೆ ಬರುವವರ ಗಾಜಿಗೆ ಹೊಡೆದರೆ ಕಲ್ಲು ಹೊಡೆದಂತೆಯೇ. ನಿಮಗೆ ಗೊತ್ತೂ ಆಗುವುದಿಲ್ಲ, ನೀವು ಮುಂದೆ ಹೋಗಿಬಿಟ್ಟಿರುತ್ತೀರಿ. ಅದಕ್ಕೇ ನ್ಯೂಜೆರ್ಸಿಯಲ್ಲಿ 2010ರಿಂದ ಕಾನೂನೇ ಇದೆ. ಬಾನೆಟ್, ಟಾಪ್, ಗಾಜುಗಳು, ಡಿಕ್ಕಿ ಎಲ್ಲದರ ಮೇಲಿನ ಸ್ನೋ, ಐಸ್ ತೆಗೆದೇ ರಸ್ತೆಗೆ ಇಳಿಯಬೇಕು. ಏನೂ ಹಾರದಿದ್ದರೂ ಪೊಲೀಸರು ನಿಲ್ಲಿಸಿ 25ರಿಂದ 75 ಡಾಲರ್ ದಂಡ ಹಾಕಬಹುದು. ಹಾರಿ ಯಾರಿಗಾದರೂ ಪೆಟ್ಟಾದರೆ, ಕಾರು ಜಖಂ ಆದರೆ 200ರಿಂದ 1000. ಫಿಲಡೆಲ್ಫಿಯಾ ಕಡೆ ಓಡಾಟ ಇದ್ದರೆ ಗೊತ್ತಿರಲಿ, ಪೆನ್ಸಿಲ್ವೇನಿಯಾದಲ್ಲೂ 2022ರಲ್ಲಿ ಇಂಥದ್ದೇ ಕಾನೂನು ಬಂತು. ಅಲ್ಲಿ ಸ್ನೋ ನಿಂತ 24 ಗಂಟೆಯೊಳಗೆ ತೆಗೆದಿರಬೇಕು.

ಈಗ ಕೆಲಸಕ್ಕೆ ಬನ್ನಿ. ಎಲ್ಲಕ್ಕಿಂತ ಮೊದಲು ಕಾರಿನ ಹಿಂಭಾಗಕ್ಕೆ ಹೋಗಿ. ಗಾಜಿಗಲ್ಲ, ಸೈಲೆನ್ಸರ್ ಬಾಯಿಗೆ. ಅದರ ಸುತ್ತ ಒಂದೆರಡು ಅಡಿ ಸ್ನೋ ಎಳೆದು ಹಾಕಿ, ಆಮೇಲೇ ಎಂಜಿನ್ ಸ್ಟಾರ್ಟ್ ಮಾಡಿ. ಬಾಯಿ ಮುಚ್ಚಿದ್ದರೆ ಹೊಗೆ ಒಳಗೇ ಸೇರುತ್ತದೆ. ಅದರಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. 2016ರ ಜನವರಿಯ ದೊಡ್ಡ ಬಿರುಗಾಳಿಯಲ್ಲಿ, ಇದೇ ರಾಜ್ಯದ ಪಸೇಯಿಕ್ ಊರಿನಲ್ಲಿ, ಅಪ್ಪ ಹೊರಗೆ ಸ್ನೋ ತೆಗೆಯುತ್ತಿದ್ದ. ಚಳಿಯಾಗದಿರಲಿ ಅಂತ ತಾಯಿ, ಮಕ್ಕಳು ಕಾರೊಳಗೆ ಕೂತಿದ್ದರು. ಸೈಲೆನ್ಸರ್ ಸ್ನೋದಲ್ಲಿ ಹೂತಿತ್ತು. ತಾಯಿ, ಒಂದು ವರ್ಷದ ಮಗು ಅಂದೇ ಹೋದರು. ನಿಮಗೂ ಪುಟ್ಟ ಮಗಳಿದ್ದಾಳೆ ಅಂತ ಬರೆದಿದ್ದೀರಿ. ನೀವು ಹೊರಗೆ ಕೆಲಸ ಮಾಡುವಾಗ ಅವಳು ಮನೆಯೊಳಗಿರಲಿ. ಎಲ್ಲ ಮುಗಿದ ಮೇಲೆ ಕರೆದುಕೊಂಡು ಬನ್ನಿ.

ಎಂಜಿನ್ ಓಡುತ್ತಿರಲಿ, ಡಿಫ್ರಾಸ್ಟ್ ಗಾಳಿ ಮುಂದಿನ ಗಾಜಿಗೆ ಬರಲಿ. ಕೀ ಒಳಗಿಟ್ಟು ಮನೆಗೆ ಹೋಗಿ ಕಾಫಿ ಕುಡಿಯಬೇಡಿ. ಕಾರು ಕದಿಯುವವರು ಇಂಥ ಬೆಳಿಗ್ಗೆಗೇ ಕಾದಿರುತ್ತಾರೆ. ಟಾಪ್‌ನಿಂದ ಶುರುಮಾಡಿ. ಮನೆ ಗುಡಿಸುವವರು ಜೇಡರಬಲೆ ತೆಗೆದಮೇಲೆ ತಾನೇ ನೆಲ ಗುಡಿಸುವುದು? ಟಾಪ್ ಆದಮೇಲೆ ಗಾಜುಗಳು, ಬಾನೆಟ್, ಕೊನೆಗೆ ದೀಪಗಳು. ಹೆಡ್‌ಲೈಟ್ ಒರೆಸುವುದನ್ನು ಮರೆಯಬೇಡಿ. ಹಳೇ ಬಲ್ಬುಗಳು ತಮ್ಮ ಬಿಸಿಗೇ ಸ್ನೋ ಕರಗಿಸಿಕೊಳ್ಳುತ್ತಿದ್ದವು. ಎಲ್‌ಇಡಿಗೆ ಅಷ್ಟು ಕಾವಿಲ್ಲ. ಇಲ್ಲಿ ವೈಪರ್ ಓಡುವಾಗ ಹೆಡ್‌ಲೈಟ್ ಹಾಕಿರಲೇಬೇಕು, ಅದೂ ಕಾನೂನು. ಹಿಂದಿನ ಕ್ಯಾಮೆರಾಕ್ಕೆ ಬೆರಳಿನಿಂದ ಒಂದು ಸಲ ಒರೆಸಿ. ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಕೂರುವ ಜಾಗದಲ್ಲಿ ಕಪ್ಪು ಜಾಲರಿ ಇದೆಯಲ್ಲ, ಒಳಗೆ ಗಾಳಿ ಹೋಗುವುದು ಅಲ್ಲಿಂದಲೇ. ಅದು ಮುಚ್ಚಿದ್ದರೆ ಎಷ್ಟು ಹೀಟರ್ ಹಾಕಿದರೂ ಗಾಜು ಒಳಗಿನಿಂದ ಮಬ್ಬಾಗುತ್ತದೆ. ಆಗ ಎ.ಸಿ. ಬಟನ್ ಒತ್ತಿ, ಹೊರಗಿನ ಗಾಳಿ ಬಿಡಿ. ಚಳಿಯಲ್ಲಿ ಎ.ಸಿ.ಯಾ ಅಂತ ನಮ್ಮ ಮನೆಯವರು ಇವತ್ತಿಗೂ ನಗುತ್ತಾರೆ. ಅದು ಗಾಳಿಯ ತೇವ ಹೀರುತ್ತದೆ, ಅದಕ್ಕೇ.

ಸ್ನೋ ಎಲ್ಲ ಒಂದೇ ಥರ ಇರುವುದಿಲ್ಲ. ತುಂಬಾ ಚಳಿಯಿದ್ದಾಗ ಬೀಳುವುದು ಜರಡಿ ಹಿಡಿದ ಅಕ್ಕಿಹಿಟ್ಟು. ಉಫ್ ಅಂದರೆ ಹಾರುತ್ತದೆ, ಹತ್ತು ನಿಮಿಷದ ಕೆಲಸ. 32 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಸೊನ್ನೆ ಸೆಲ್ಸಿಯಸ್ ಆಸುಪಾಸಿನಲ್ಲಿ ಬೀಳುವುದು ಇಡ್ಲಿ ಹಿಟ್ಟಿನಷ್ಟು ಭಾರ. ಒಂದೇ ಸಲ ಎಳೆಯಲು ಹೋದರೆ ಬ್ರಷ್ ಮುರಿಯುತ್ತದೆ ಅಥವಾ ಸೊಂಟ ಹಿಡಿಯುತ್ತದೆ. ಮೇಲಿನ ಪದರ ಮೊದಲು, ಆಮೇಲೆ ಕೆಳಗಿನದು. ನನಗೆ ನಿಜವಾಗಿ ಸಿಟ್ಟು ಬರುವುದು ಮೂರನೆಯದರ ಮೇಲೆ, ಫ್ರೀಜಿಂಗ್ ರೇನ್. ಮಳೆಯಾಗಿ ಬಂದು ಕಾರಿಗೆ ತಾಗಿದ ಕೂಡಲೇ ಗಾಜಿನಂತೆ ಹೆಪ್ಪುಗಟ್ಟುತ್ತದೆ. ಬಾಗಿಲೂ ತೆರೆಯುವುದಿಲ್ಲ. ಹ್ಯಾಂಡಲ್ ಹಿಡಿದು ಜಗ್ಗಬೇಡಿ, ಕಿತ್ತು ಬರುತ್ತದೆ. ಬಾಗಿಲಿಗೆ ಭುಜ ಕೊಟ್ಟು ಒಳಕ್ಕೆ ಒತ್ತಿ. ಅಂಚಿನ ಐಸ್ ಚಟಪಟ ಒಡೆಯುತ್ತದೆ, ಆಮೇಲೆ ತೆರೆಯಿರಿ. ಅಂಥ ದಿನ ಮನೆಯಿಂದಲೇ ಕೆಲಸ ಮಾಡುವ ಅವಕಾಶ ಇದ್ದರೆ ಕಾರಿನ ಗೊಡವೆಗೇ ಹೋಗಬೇಡಿ.

ಬಿಸಿನೀರು ಸುರಿಯಬಹುದಾ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಗೊತ್ತು. ಬೇಡ. ತಣ್ಣನೆ ಗಾಜು ಒಮ್ಮೆಗೇ ಬಿಸಿ ತಾಗಿದರೆ ಸೀಳು ಬಿಡುತ್ತದೆ, ಸುರಿದ ನೀರೂ ಮತ್ತೆ ಐಸ್ ಆಗುತ್ತದೆ. ಎರಡು ಪಾಲು ರಬಿಂಗ್ ಆಲ್ಕೋಹಾಲ್, ಒಂದು ಪಾಲು ನೀರು ಸೇರಿಸಿ ಸ್ಪ್ರೇ ಬಾಟಲಿಯಲ್ಲಿ ಇಟ್ಟುಕೊಳ್ಳಿ. ತೆಳು ಐಸ್ ಅದಕ್ಕೇ ಬಿಡುತ್ತದೆ. ಊರಲ್ಲಿ ವೈಪರ್ ಟ್ಯಾಂಕಿಗೆ ನಲ್ಲಿ ನೀರು ತುಂಬಿಸಿ ಅಭ್ಯಾಸ ಅಲ್ವಾ? ಇಲ್ಲಿ ಅದು ಹೆಪ್ಪುಗಟ್ಟುತ್ತದೆ, ಪಂಪ್ ಕೂಡ ಹೋಗಬಹುದು. ಡಬ್ಬಿಯ ಮೇಲೆ ಮೈನಸ್ 20 ಅಂತ ಬರೆದ ನೀಲಿ ವಾಷರ್ ದ್ರಾವಣ ತುಂಬಿ. ಅದು ವಿಷ, ಮಗಳ ಕೈಗೆ ಸಿಗದ ಹಾಗೆ ಇಡಿ.

ಬ್ರಷ್ ಕೊಳ್ಳುವಾಗ ಜಿಪುಣತನ ಬೇಡ. ನಿಮ್ಮ ಕಾರು ಎತ್ತರದ್ದು, ಹಿಡಿ ಉದ್ದ ಮಾಡಲು ಬರುವಂಥದ್ದೇ ಬೇಕು. ತಲೆ ಸ್ಪಂಜಿನಂಥ ಫೋಮ್‌ನದಾಗಿರಲಿ, ಬಣ್ಣ ಗೀರುವುದಿಲ್ಲ. ತುದಿಯಲ್ಲಿ ಗಾಜು ಕೆರೆಯಲು ಪ್ಲಾಸ್ಟಿಕ್ ಸ್ಕ್ರೇಪರ್ ಇರಲಿ. ಸ್ನೋ ಗುದ್ದಲಿಯನ್ನು ಕಾರಿನ ಮೈಗೆ ಮುಟ್ಟಿಸಬೇಡಿ. ಗ್ಲೌಸ್ ನೀರು ಹೀರದ್ದು ಬೇಕು, ಉಲ್ಲನ್‌ದು ಐದೇ ನಿಮಿಷಕ್ಕೆ ಒದ್ದೆಮುದ್ದೆ. ಇನ್ನೊಂದು, ಬ್ರಷ್ ಮನೆಯೊಳಗೆ ಬಾಗಿಲ ಹತ್ತಿರ ಇಡಿ. ಡಿಕ್ಕಿಯಲ್ಲಿಟ್ಟರೆ ಅದನ್ನು ತೆಗೆಯಲು ಡಿಕ್ಕಿ ತೆರೆಯಬೇಕು, ತೆರೆದರೆ ಮೇಲಿನ ಸ್ನೋ ಅಷ್ಟೂ ಒಳಗೆ.

ನಿಮ್ಮ ಕಾರಿನ ಸ್ನೋ ಪಕ್ಕದವರ ಕಾರಿನ ಮೇಲೆ ಬೀಳದಿರಲಿ. ಅಪಾರ್ಟ್‌ಮೆಂಟಿನ ಅರ್ಧ ಜಗಳ ಅದರಿಂದಲೇ. ಸ್ನೋ ತಳ್ಳುವ ಪ್ಲೌ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಮ್ಯಾನೇಜರ್ ಹತ್ತಿರ ಕೇಳಿಟ್ಟುಕೊಳ್ಳಿ. ನೀವು ಎಲ್ಲ ತೆಗೆದು ಕೈ ಒರೆಸಿಕೊಳ್ಳುವ ಹೊತ್ತಿಗೆ ಅದು ಬಂದು ಕಾರಿನ ಹಿಂದೆ ಮೊಣಕಾಲುದ್ದ ಗೋಡೆ ಕಟ್ಟಿ ಹೋಗುತ್ತದೆ. ಹಾಗಾಗಿ ಅರ್ಧ ಗಂಟೆ ಅಂದದ್ದು ಬರೀ ಕಾರಿಗೆ. ಗೋಡೆಗೆ ಇನ್ನೊಂದು ಹದಿನೈದು ನಿಮಿಷ ಸೇರಿಸಿಕೊಳ್ಳಿ. ಒಂದು ಗುದ್ದಲಿ ಬೇಕಾಗುತ್ತದೆ. ನನ್ನ ಗ್ಯಾರೇಜಿನಲ್ಲಿ ಎರಡಿವೆ, ಶನಿವಾರ ಎಡಿಸನ್ ಕಡೆ ದಿನಸಿಗೆ ಬಂದಾಗ ಒಂದು ತೆಗೆದುಕೊಂಡು ಹೋಗಿ.